ಫೇಲಾದ ಕಾರಿನ ದಾನಪತ್ರ

ಕಾರಿನ ಸ್ಟೀರಿಂಗ್ ಕೆಳಗೆ, ಚಾಲಕನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಹದಿನಾರು ಪಿನ್ನಿನ ಒಂದು ಸಣ್ಣ ಕಿಂಡಿ ಇರುತ್ತದೆ. ಹತ್ತು ವರ್ಷ ಕಾರು ಓಡಿಸಿದವರೂ ಅದನ್ನು ಬಗ್ಗಿ ನೋಡಿರುವುದಿಲ್ಲ. ಕ್ಯಾಲಿಫೋರ್ನಿಯಾದ ‘ಸ್ಮಾಗ್ ಚೆಕ್’ ಎಂಬ ಹೊಗೆ ತಪಾಸಣೆಯ ಅಂಗಡಿಯವನ ಕೈ ಮೊದಲು ಹೋಗುವುದೇ ಅಲ್ಲಿಗೆ. ಕಿಂಡಿಗೆ ಕೇಬಲ್ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ, ಪರದೆ ನೋಡುತ್ತ ನಿಲ್ಲುತ್ತಾನೆ. 2000ನೇ ಇಸವಿಯಿಂದ ಈಚಿನ ಪೆಟ್ರೋಲ್ ಕಾರುಗಳಿಗೆ ಹೊಗೆಕೊಳವೆಯೊಳಗೆ ನಳಿಕೆ ತೂರಿಸುವ ಪರೀಕ್ಷೆ ಈಗಿಲ್ಲ. ಕಾರಿನ ಕಂಪ್ಯೂಟರೇ ತನ್ನ ಕಾರಿನ ಮೇಲೆ ತಾನೇ ಸಾಕ್ಷಿ ಹೇಳಬೇಕು, ಹೇಳುತ್ತದೆ ಕೂಡ. ಸಾಕ್ಷಿ ಮುಗಿದ ಮೇಲೆ ಪ್ರಿಂಟರಿನಿಂದ ಒಂದು ಹಾಳೆ ಹೊರಬರುತ್ತದೆ. ವಯಸ್ಸಾದ ಕಾರುಗಳ ಹಾಳೆಯಲ್ಲಿ ಮತ್ತೆಮತ್ತೆ ಕಾಣುವ ಸಂಕೇತ ಪಿ0420. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಪಕ್ಕದಲ್ಲೇ ‘ಫೇಲ್’ ಎಂದು ಅಚ್ಚಾಗಿರುತ್ತದೆ.

ಬ್ಯಾಟರಿ ತಂತಿ ಕಳಚಿ ಮತ್ತೆ ಹಾಕಿ ಸಂಕೇತ ಅಳಿಸಿಬಿಟ್ಟರಾಯಿತಲ್ಲ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಹಾಗೆ ಅಳಿಸಿದರೆ ಕಾರಿನ ಸ್ವಯಂತಪಾಸಣೆಯ ದಾಖಲೆಗಳೂ ಅಳಿಸಿಹೋಗುತ್ತವೆ. ‘ಇನ್ನೂ ಸಿದ್ಧವಿಲ್ಲ’ ಎಂದು ಪರದೆ ತೋರಿಸುತ್ತದೆ, ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ನಾಲ್ಕಾರು ದಿನ ಓಡಿಸಿ ದಾಖಲೆ ತುಂಬಿಸಿಕೊಂಡು ಬರುವಷ್ಟರಲ್ಲಿ ಪಿ0420 ಮತ್ತೆ ಹಾಜರಾಗಿರುತ್ತದೆ. ಬೆಂಗಳೂರಿನ ರಸ್ತೆ ಬದಿಯ ವ್ಯಾನುಗಳಲ್ಲಿ ‘ಎಮಿಷನ್ ಟೆಸ್ಟ್’ ಮಾಡಿಸಿ ಚೀಟಿ ಪಡೆದು ರೂಢಿಯಾದ ನಮಗೆ ಈ ಕಟ್ಟುನಿಟ್ಟು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಆ ಪರೀಕ್ಷೆಯಲ್ಲಿ ಫೇಲಾದವರನ್ನು ಹುಡುಕಿಕೊಂಡು ಹೋಗಬೇಕು.

ಫೇಲಾದ ಕಾರಿನ ಒಡೆಯನ ಕಷ್ಟ ಅಲ್ಲಿಂದ ಶುರು. ಸರ್ಟಿಫಿಕೇಟ್ ಇಲ್ಲದೆ ವಾಹನ ಇಲಾಖೆ, ಅಲ್ಲಿನವರ ಬಾಯಲ್ಲಿ ಡಿಎಂವಿ, ನೋಂದಣಿ ನವೀಕರಿಸುವುದಿಲ್ಲ. ಐವತ್ತು ಡಾಲರ್ ಕಟ್ಟಿದರೆ ಅರವತ್ತು ದಿನದ ತಾತ್ಕಾಲಿಕ ಪರವಾನಗಿ ಸಿಗುತ್ತದೆ, ಅದಾದ ಮೇಲೆ ಕಾರು ಮನೆ ಮುಂದೆ ನಿಲ್ಲಬೇಕು. ಕ್ಯಾಲಿಫೋರ್ನಿಯಾ ಒಪ್ಪುವ ದರ್ಜೆಯ ಕನ್ವರ್ಟರ್ ಹಾಕಿಸಹೊರಟರೆ ಕೂಲಿ ಸೇರಿ ಸಾವಿರ ಡಾಲರ್ ದಾಟುವುದು ಮಾಮೂಲು, ಎಷ್ಟೋ ಸಲ ಕಾರಿಗೇ ಅಷ್ಟು ಬೆಲೆ ಇರುವುದಿಲ್ಲ. ಇದ್ದ ಹಾಗೇ ಯಾರಿಗಾದರೂ ಮಾರೋಣವೆಂದರೆ ಆ ರಾಜ್ಯದಲ್ಲಿ ಸ್ಮಾಗ್ ಸರ್ಟಿಫಿಕೇಟ್ ಕೊಡುವ ಹೊಣೆ ಮಾರುವವನದು. ‘ಇದ್ದಂತೆ ಕೊಡುತ್ತಿದ್ದೇನೆ, ಒಪ್ಪಿದರೆ ತಗೊ’ ಎಂದು ಬರೆಸಿಕೊಂಡರೂ ಹೊಣೆ ಕಳಚುವುದಿಲ್ಲ. ಪರವಾನಗಿ ಇರುವ ಡೀಲರಿಗೋ ಗುಜರಿಯವನಿಗೋ ಕೊಟ್ಟರೆ ಮಾತ್ರ ಸರ್ಟಿಫಿಕೇಟ್ ಬೇಕಿಲ್ಲ, ಆದರೆ ಅವರು ಕೊಡುವುದು ಅವರ ಮನಸ್ಸಿಗೆ ಬಂದ ರೇಟು.

ಇಂಥ ಹೊತ್ತಿಗೆ ರೇಡಿಯೊದಲ್ಲಿ ಜಾಹೀರಾತು ಕೇಳಿಬರುತ್ತದೆ. ನಿಮ್ಮ ಹಳೆಯ ಕಾರನ್ನು ದಾನ ಕೊಡಿ, ಓಡುತ್ತಿರಲಿ ಓಡದಿರಲಿ, ನಾವೇ ಬಂದು ಎಳೆದೊಯ್ಯುತ್ತೇವೆ, ತೆರಿಗೆ ವಿನಾಯಿತಿಯೂ ಉಂಟು! ಅಮೆರಿಕದಲ್ಲಿ ಇದು ದೊಡ್ಡ ವ್ಯವಸ್ಥೆ. ಸಾರ್ವಜನಿಕ ರೇಡಿಯೊ ಕೇಂದ್ರಗಳು ನಡೆಯುವುದೇ ಕೇಳುಗರ ದೇಣಿಗೆಯಿಂದ, ಆ ದೇಣಿಗೆಯಲ್ಲಿ ಹಳೆಯ ಕಾರುಗಳಿಗೂ ಒಂದು ಪಾಲಿದೆ. ‘ಕಾರ್ ಟಾಕ್’ ಎಂಬ ಜನಪ್ರಿಯ ಕಾರ್ಯಕ್ರಮದ ಹೆಸರಿನಲ್ಲೇ ಕಾರು ದಾನದ ಯೋಜನೆ ಇದೆ. ಸ್ಯಾನ್‌ಫ್ರಾನ್ಸಿಸ್ಕೊದ ಕೆಕ್ಯುಇಡಿ ಕೇಂದ್ರವೂ ಕಾರು ಪಡೆಯುತ್ತದೆ. ಕಾರ್ಸ್ ಫಾರ್ ಕಿಡ್ಸ್ ಎಂಬ ಸಂಸ್ಥೆಯ ಜಾಹೀರಾತು ಗೀತೆಯಂತೂ ಒಮ್ಮೆ ಕಿವಿಗೆ ಬಿದ್ದರೆ ದಿನವಿಡೀ ತಲೆಯಿಂದ ಇಳಿಯುವುದಿಲ್ಲ.

ದಾನವೆಂದರೆ ಒಳ್ಳೆಯದೇ. ಆದರೆ ಇಲ್ಲಿ ದಾನವಾಗುತ್ತಿರುವುದು ಏನು, ಅದರಲ್ಲಿ ಯಾರಿಗೆ ಎಷ್ಟು ಸೇರುತ್ತದೆ, ಪರೀಕ್ಷೆಯಲ್ಲಿ ಫೇಲಾದ ಆ ಕಾರು ಆಮೇಲೆ ಎಲ್ಲಿ ಹೊಗೆ ಬಿಡುತ್ತದೆ? ಈ ಮೂರನ್ನು ಕೇಳಿಕೊಂಡು ಫೋನ್ ಎತ್ತುವವರು ಕಡಿಮೆ.

ಉತ್ತರ ಹುಡುಕುವ ಮೊದಲು, ಕ್ಯಾಲಿಫೋರ್ನಿಯಾಕ್ಕೆ ಹೊಗೆ ಕಂಡರೆ ಯಾಕೆ ಇಷ್ಟು ಸಿಟ್ಟು ಎಂಬುದನ್ನು ತಿಳಿಯಬೇಕು. 1943ರ ಜುಲೈ 26ರಂದು ಲಾಸ್ ಏಂಜಲೀಸ್ ಮೇಲೆ ಕಣ್ಣು ಉರಿಯುವಂಥ ದಟ್ಟ ಮಬ್ಬು ಕವಿಯಿತು. ಯುದ್ಧದ ಕಾಲ. ಜಪಾನ್ ವಿಷಾನಿಲ ಬಿಟ್ಟಿತೇ ಎಂದು ಹೆದರಿದವರಿದ್ದರು. ಆಮೇಲೆ ಅಲಿಸೊ ಬೀದಿಯ ಕೃತಕ ರಬ್ಬರ್ ಕಾರ್ಖಾನೆಯ ಮೇಲೆ ಗುಮಾನಿ ಬಂತು. ಅಲ್ಲಿಯ ಅನಿಲಕ್ಕೆ ಕಡಿವಾಣ ಹಾಕಿದರೂ ಮಬ್ಬು ಹೋಗಲಿಲ್ಲ. ಕಾರಣ ಕಂಡುಹಿಡಿದವರು ಏರಿ ಹಾಗೆನ್-ಸ್ಮಿಟ್. ಹಾಲೆಂಡಿನಿಂದ ಬಂದು ಕ್ಯಾಲ್ಟೆಕ್‌ನಲ್ಲಿ ನೆಲೆಸಿದ್ದ ಈ ರಸಾಯನ ವಿಜ್ಞಾನಿ ಅದುವರೆಗೆ ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆ ಎಂದು ಶೋಧಿಸುತ್ತಿದ್ದರು. ಅನಾನಸು ಬದಿಗಿಟ್ಟು ಊರಿನ ಗಾಳಿಯನ್ನೇ ಹಿಡಿದು ತಂದು ಪರೀಕ್ಷಿಸಿದರು. ಸರಿಯಾಗಿ ಉರಿಯದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಸಿಕ್ಕು ಓಝೋನ್ ಆಗುತ್ತವೆ, ಸುತ್ತಲ ಬೆಟ್ಟಗಳು ಅದನ್ನು ಹೊರಹೋಗಲು ಬಿಡುವುದಿಲ್ಲ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ತೈಲ ಕಂಪನಿಗಳಿಗೆ ಈ ಮಾತು ಹಿಡಿಸಲಿಲ್ಲ. 1967ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿಯೊಂದಿಗೆ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿತು, ಮೊದಲ ಅಧ್ಯಕ್ಷರು ಹಾಗೆನ್-ಸ್ಮಿಟ್ ಅವರೇ. 1975ರ ಮಾದರಿಯ ಕಾರುಗಳಿಗೆ ಕನ್ವರ್ಟರ್ ಬಂತು. ಅದರ ಜೊತೆಗೇ ಸೀಸವಿಲ್ಲದ ಪೆಟ್ರೋಲ್ ಕೂಡ ಬರಲೇಬೇಕಾಯಿತು, ಏಕೆಂದರೆ ಸೀಸ ತಾಗಿದರೆ ಕನ್ವರ್ಟರ್ ಸಾಯುತ್ತದೆ. (ನಮ್ಮಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬರಲು 2000ನೇ ಇಸವಿವರೆಗೆ ಕಾಯಬೇಕಾಯಿತು.) 1984ರಲ್ಲಿ ಸ್ಮಾಗ್ ಚೆಕ್ ಶುರುವಾಯಿತು. ಎಂಟು ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ, 1975 ಮತ್ತು ಅದಕ್ಕಿಂತ ಹಿಂದಿನ ಅಜ್ಜನ ಕಾಲದ ಕಾರುಗಳಿಗೆ ಪೂರ್ತಿ ಮಾಫಿ.

ಈಗ ಕಾರಿನ ಹೊಟ್ಟೆಗೆ ಬರೋಣ. ಕನ್ವರ್ಟರ್ ಎಂದರೆ ಹೊಗೆಕೊಳವೆಯ ನಡುವಿನ ಒಂದು ಉಕ್ಕಿನ ಡಬ್ಬಿ. ಒಳಗೆ ಸಾವಿರಾರು ಸಣ್ಣ ತೂತುಗಳ ಪಿಂಗಾಣಿ ಇಟ್ಟಿಗೆ. ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಬಿಸಿ ಹೊಗೆ ಆ ತೂತುಗಳಲ್ಲಿ ಹಾದುಹೋಗುವಾಗ ಇಂಗಾಲದ ಮೊನಾಕ್ಸೈಡು ಡೈಯಾಕ್ಸೈಡಾಗುತ್ತದೆ, ಉರಿಯದ ಇಂಧನ ನೀರು ಮತ್ತು ಇಂಗಾಲದ ಡೈಯಾಕ್ಸೈಡಾಗುತ್ತದೆ, ನೈಟ್ರೋಜನ್ ಆಕ್ಸೈಡು ಒಡೆದು ಬರೀ ನೈಟ್ರೋಜನ್ ಆಗುತ್ತದೆ. ಈ ಲೋಹಗಳು ತಾವು ಖರ್ಚಾಗುವುದಿಲ್ಲ. ಮುದಿ ಎಂಜಿನ್ ಆಯಿಲ್ ಕುಡಿಯತೊಡಗಿದರೆ ಆ ಮಸಿ ಲೇಪದ ಮೇಲೆ ಕೂರುತ್ತದೆ. ಎಂಜಿನ್ ಮಿಸ್‌ಫೈರ್ ಹೊಡೆದರೆ ಹಸಿ ಪೆಟ್ರೋಲ್ ಒಳಗೇ ಉರಿದು ಇಟ್ಟಿಗೆಯೇ ಕರಗುತ್ತದೆ. ಎರಡರಲ್ಲೂ ಕನ್ವರ್ಟರ್ ಕೆಲಸಕ್ಕೆ ಬಾರದೆ ಹೋಗುತ್ತದೆ, ಪಿ0420 ಬೀಳುತ್ತದೆ, ಲೋಹ ಮಾತ್ರ ಬಹುಪಾಲು ಒಳಗೇ ಉಳಿದಿರುತ್ತದೆ.

ನನಗೆ ಈ ಇಡೀ ವಿದ್ಯಮಾನದಲ್ಲಿ ಅತ್ಯಂತ ತಮಾಷೆ ಅನ್ನಿಸಿದ್ದು ಇದೇ. ಯಾವ ಭಾಗ ಕೆಟ್ಟು ಕಾರು ಫೇಲಾಯಿತೋ, ಗುಜರಿ ಅಂಗಳದಲ್ಲಿ ಆ ಕಾರಿಗೆ ಬೆಲೆ ತರುವುದು ಎಷ್ಟೋ ಸಲ ಅದೇ ಭಾಗ. ರೋಡಿಯಂ ಬೆಲೆ 2021ರ ವಸಂತದಲ್ಲಿ ಔನ್ಸಿಗೆ 29,000 ಡಾಲರ್ ಆಸುಪಾಸಿಗೆ ಏರಿತ್ತು, ಚಿನ್ನಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು. ಡಬ್ಬಿಯೊಳಗೆ ಇರುವುದು ಈ ಮೂರೂ ಲೋಹ ಸೇರಿ ಕೆಲವೇ ಗ್ರಾಂ. ಅಷ್ಟಕ್ಕೇ ರಾತ್ರೋರಾತ್ರಿ ಕಾರಿನಡಿ ನುಗ್ಗಿ ಗರಗಸದಲ್ಲಿ ಕನ್ವರ್ಟರ್ ಕೊಯ್ದೊಯ್ಯುವ ಕಳ್ಳರು ಕ್ಯಾಲಿಫೋರ್ನಿಯಾದ ತುಂಬ ಹುಟ್ಟಿಕೊಂಡರು. ಹಳೆಯ ಟೊಯೊಟಾ ಪ್ರಿಯಸ್ ಎಂದರೆ ಅವರಿಗೆ ಪ್ರಾಣ. ಕದ್ದ ಮಾಲು ಕೊಳ್ಳುವವರನ್ನು ಹಿಡಿಯಲು 2022ರಲ್ಲಿ ರಾಜ್ಯ ಎರಡು ಕಾನೂನು ಮಾಡಬೇಕಾಯಿತು. ‘ಇದಕ್ಕೇನು ಬೆಲೆ, ಯಾರಾದರೂ ಒಯ್ದರೆ ಸಾಕು’ ಎಂದು ಕೊಡುವ ಕಾರಿಗೆ ಬೆಲೆ ಇದ್ದೇ ಇರುತ್ತದೆ. ಒಡೆಯನಿಗೆ ತಿಳಿದಿರುವುದಿಲ್ಲ, ಎಳೆದೊಯ್ಯಲು ಬಂದವನಿಗೆ ತಿಳಿದಿರುತ್ತದೆ.

ದಾನ ಕೊಟ್ಟ ಕಾರು ಹೋಗುವ ದಾರಿ ಹೀಗೆ. ನಂಬರಿಗೆ ಫೋನ್ ಮಾಡಿದಾಗ ಎತ್ತುವುದು ಹೆಚ್ಚಾಗಿ ಆ ದತ್ತಿ ಸಂಸ್ಥೆಯಲ್ಲ, ಹತ್ತಾರು ಸಂಸ್ಥೆಗಳ ಪರವಾಗಿ ಕಾರು ಸಂಗ್ರಹಿಸುವ ಮಧ್ಯವರ್ತಿ. ಆತ ಟ್ರಕ್ ಕಳಿಸುತ್ತಾನೆ. ಕಾರು ಹರಾಜು ಅಂಗಳಕ್ಕೆ ಹೋಗುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾದ ವಲೆಹೊ ಎಂಬಲ್ಲಿ ಒಂದೇ ಒಂದು ಗುಜರಿ ಅಂಗಳವಾಗಿ ಶುರುವಾಗಿ ಈಗ ಹಲವು ದೇಶಗಳಿಗೆ ಹರಡಿರುವ ಕೋಪಾರ್ಟ್‌ನಂಥ ಕಂಪನಿಗಳು ಇಂಥ ಹರಾಜು ನಡೆಸುತ್ತವೆ. ಕೊಳ್ಳುವವರು ಡೀಲರುಗಳು, ಬಿಡಿಭಾಗದವರು, ಗುಜರಿಯವರು. ಸ್ಮಾಗ್‌ನಲ್ಲಿ ಫೇಲಾದ ಕಾರನ್ನೂ ದತ್ತಿ ಸಂಸ್ಥೆಗಳು ಸಾಮಾನ್ಯವಾಗಿ ಬೇಡ ಎನ್ನದಿರುವುದು ಇದೇ ಕಾರಣಕ್ಕೆ, ಕಾರು ಜನಸಾಮಾನ್ಯರ ಕೈಗೆ ನೇರವಾಗಿ ಹೋಗುವುದಿಲ್ಲ. ಬೆಲೆಬಾಳುವ ಕಾರಾದರೆ ಸರ್ಟಿಫಿಕೇಟ್ ಕೇಳುವವರೂ ಇದ್ದಾರೆ, ಮೊದಲೇ ವಿಚಾರಿಸಿಕೊಳ್ಳಬೇಕು. ಹರಾಜಿನಲ್ಲಿ ಬಂದ ದುಡ್ಡಿನಿಂದ ಟ್ರಕ್ಕಿನ ಬಾಡಿಗೆ, ಅಂಗಳದ ಬಾಡಿಗೆ, ಜಾಹೀರಾತು, ಮಧ್ಯವರ್ತಿಯ ಪಾಲು ಕಳೆದು ಮಿಕ್ಕದ್ದು ಸಂಸ್ಥೆಗೆ.

ಈ ‘ಮಿಕ್ಕದ್ದು’ ಎಷ್ಟಿರುತ್ತದೆ ಎಂದು ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ 2003ರಲ್ಲಿ ಕೆದಕಿ ನೋಡಿತು. 2000ನೇ ಸಾಲಿನಲ್ಲಿ ಸುಮಾರು 7,33,000 ತೆರಿಗೆದಾರರು ಕಾರು ದಾನದ ಹೆಸರಿನಲ್ಲಿ ವಿನಾಯಿತಿ ಪಡೆದಿದ್ದರು, ಖಜಾನೆಗೆ 65.4 ಕೋಟಿ ಡಾಲರ್ ಖೋತಾ. ಬಿಡಿಬಿಡಿಯಾಗಿ 54 ಕಾರುಗಳ ಜಾಡು ಹಿಡಿದು ಹೋದಾಗ ಮೂರರಲ್ಲಿ ಎರಡು ಪ್ರಕರಣಗಳಲ್ಲಿ, ದಾನಿ ತನ್ನ ಕಾರಿಗೆ ಇಷ್ಟು ಬೆಲೆ ಎಂದು ಬರೆದುಕೊಂಡಿದ್ದರ ಶೇಕಡ 5 ಅಥವಾ ಅದಕ್ಕಿಂತ ಕಡಿಮೆ ದುಡ್ಡು ಸಂಸ್ಥೆಗೆ ಸೇರಿತ್ತು. ದಾನಿಗಳು ಮಾರ್ಗಸೂಚಿ ಪುಸ್ತಕದಲ್ಲಿನ ‘ಒಳ್ಳೆಯ ಸ್ಥಿತಿಯ ಕಾರು’ ಬೆಲೆಯನ್ನು ಬರೆದುಕೊಳ್ಳುತ್ತಿದ್ದರು, ಕಾರು ಮಾತ್ರ ಸ್ಟಾರ್ಟೂ ಆಗದೆ ಕೂತಿರುತ್ತಿತ್ತು.

ಸರ್ಕಾರ ಎಚ್ಚೆತ್ತು 2004ರಲ್ಲಿ ಕಾನೂನು ತಿದ್ದಿತು. 2005ರಿಂದ ನಿಯಮ ಬಿಗಿ: 500 ಡಾಲರ್‌ಗಿಂತ ಹೆಚ್ಚು ವಿನಾಯಿತಿ ಬೇಕಿದ್ದರೆ, ಸಂಸ್ಥೆ ಕಾರನ್ನು ಎಷ್ಟಕ್ಕೆ ಮಾರಿತೋ ಅಷ್ಟೇ ಲೆಕ್ಕ. ಮಾರಿದ ಬೆಲೆ ನಮೂದಿಸಿದ 1098-ಸಿ ನಮೂನೆಯನ್ನು ಸಂಸ್ಥೆ ಮೂವತ್ತು ದಿನದೊಳಗೆ ದಾನಿಗೆ ಕಳಿಸಬೇಕು. ಐನೂರಕ್ಕಿಂತ ಕಡಿಮೆಗೆ ಹೋದರೆ 500 ಡಾಲರ್ ಅಥವಾ ಕಾರಿನ ನಿಜ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಮ್ಮನ ಮನೆ ಕಡೆಯ ಆಸ್ತಿಯಷ್ಟು ಆಸೆಯಿಂದ ‘ಇದಕ್ಕೆ ಮೂರು ಸಾವಿರವಾದರೂ ಬರೀಬಹುದು’ ಎಂದು ಎಣಿಸಿದವರ ಕಾಲ ಮುಗಿಯಿತು.

ಕೈಗೆ ಬರುವುದು ಅದಕ್ಕೂ ಕಡಿಮೆ. ಒಂದು ಲೆಕ್ಕ ಹಾಕೋಣ. ಫೇಲಾದ ಕಾರು ಹರಾಜಿನಲ್ಲಿ 650 ಡಾಲರಿಗೆ ಹೋಯಿತು ಎನ್ನಿ. ದಾನಿ ಶೇಕಡ 22ರ ತೆರಿಗೆ ಹಂತದಲ್ಲಿದ್ದರೆ ಉಳಿಯುವ ತೆರಿಗೆ ಹೆಚ್ಚೆಂದರೆ 143 ಡಾಲರ್. ಇದೂ ಪ್ರತಿಯೊಂದು ಖರ್ಚನ್ನೂ ಪಟ್ಟಿ ಮಾಡಿ ವಿನಾಯಿತಿ ಕೇಳುವವರಿಗೆ ಮಾತ್ರ. ಎಲ್ಲರಿಗೂ ಸಿಗುವ ನಿಗದಿತ ವಿನಾಯಿತಿ, ಅಂದರೆ ಸ್ಟಾಂಡರ್ಡ್ ಡಿಡಕ್ಷನ್, 2018ರಿಂದ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. 2025ರಲ್ಲಿ ಗಂಡಹೆಂಡತಿ ಜೊತೆಗೆ ಸಲ್ಲಿಸಿದರೆ 31,500 ಡಾಲರ್. ಬಹುಪಾಲು ಅಮೆರಿಕನ್ನರು ಅದನ್ನೇ ಪಡೆದು ಸುಮ್ಮನಾಗುತ್ತಾರೆ. ಅವರಿಗೆ ಕಾರು ದಾನದಿಂದ ಬರುವ ತೆರಿಗೆ ಲಾಭ ಸೊನ್ನೆ. ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ದುಬಾರಿ ಮನೆಯ ಸಾಲದ ಬಡ್ಡಿ ಕಟ್ಟುವ ಎಂಜಿನಿಯರ್ ದಂಪತಿಗಳಲ್ಲಿ ಕೆಲವರು ಪಟ್ಟಿ ಮಾಡುವವರ ಸಾಲಿಗೆ ಸೇರಬಹುದು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವ ಹೊಸಬರು ಸೇರುವುದು ಕಷ್ಟ.

ಹಾಗಾದರೆ ಫೇಲಾದ ಕಾರಿಗೆ ಇನ್ನೇನು ದಾರಿ? ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರವೇ ಒಂದು ದಾರಿ ಇಟ್ಟಿದೆ, ರೇಡಿಯೊದಲ್ಲಿ ಅದರ ಹಾಡು ಬರುವುದಿಲ್ಲ. ಸ್ಮಾಗ್ ಚೆಕ್ ನಡೆಸುವ ಬ್ಯೂರೊ ಆಫ್ ಆಟೊಮೋಟಿವ್ ರಿಪೇರ್ ಇಂಥ ಕಾರುಗಳನ್ನು ದುಡ್ಡು ಕೊಟ್ಟು ಕೊಂಡು ನಿವೃತ್ತಿಗೊಳಿಸುತ್ತದೆ. ಈಚಿನ ವರ್ಷಗಳ ದರ 1,350 ಡಾಲರ್, ಆದಾಯ ಕಡಿಮೆ ಇರುವವರಿಗೆ 2,000. ಕಾರು ಇಟ್ಟುಕೊಳ್ಳಲೇಬೇಕಾದ ಬಡವರಿಗೆ ರಿಪೇರಿ ನೆರವೂ ಇದೆ, 1996 ಮತ್ತು ಈಚಿನ ಮಾದರಿಗಳಿಗೆ 1,450 ಡಾಲರ್‌ವರೆಗೆ. ಷರತ್ತುಗಳು ಸಾಕಷ್ಟಿವೆ. ಮೊದಲು ಅರ್ಜಿ ಹಾಕಿ ಒಪ್ಪಿಗೆ ಪತ್ರ ಬಂದ ಮೇಲೆಯೇ ಕಾರು ಒಯ್ಯಬೇಕು. ಬ್ಯೂರೊ ಗೊತ್ತುಮಾಡಿದ ಗುಜರಿ ಅಂಗಳಕ್ಕೆ ಕಾರು ತನ್ನ ಎಂಜಿನ್ನಿನ ಬಲದಲ್ಲೇ ಬರಬೇಕು, ಟ್ರಕ್ಕಿನ ಮೇಲೆ ಬಂದರೆ ನಡೆಯದು. ಬಾಗಿಲು, ದೀಪ, ಬಂಪರುಗಳು ಸ್ವಸ್ಥಾನದಲ್ಲಿರಬೇಕು. ಎಲ್ಲವನ್ನೂ ಮಾರಿಕೊಂಡು ಹಂದರ ತಂದು ಒಪ್ಪಿಸುವ ಜಾಣರಿಗಾಗಿ ಮಾಡಿದ ನಿಯಮ ಇರಬೇಕು. ಯೋಜನೆಯ ಹಣ ಖಾಲಿಯಾದಾಗ ಅರ್ಜಿ ನಿಲ್ಲಿಸುವುದೂ ಉಂಟು, ಹಾಗಾಗಿ ಆ ದಿನದ ಸ್ಥಿತಿ ನೋಡಿಕೊಂಡೇ ಹೊರಡಬೇಕು.

ಈಗ ಎರಡನ್ನೂ ಎದುರುಬದುರು ಇಡಿ. ಕಾರನ್ನೇ ಕೊಟ್ಟರೆ ಹರಾಜಿನ 650 ಡಾಲರಿನಲ್ಲಿ ಖರ್ಚು ಕಳೆದು ಸಂಸ್ಥೆಗೆ ನಾನೂರೋ ಐನೂರೋ ಸೇರೀತು. ಕಾರನ್ನು ಸರ್ಕಾರಕ್ಕೆ ಕೊಟ್ಟು, ಬಂದ 1,350ರ ಚೆಕ್ಕನ್ನು ಅದೇ ಸಂಸ್ಥೆಗೆ ಬರೆದುಕೊಟ್ಟರೆ ಪೂರ್ತಿ 1,350 ಸೇರುತ್ತದೆ, ಮಧ್ಯೆ ಟ್ರಕ್ಕಿನವನೂ ಇಲ್ಲ, ಹರಾಜಿನವನೂ ಇಲ್ಲ. 2025ರ ಜುಲೈನಲ್ಲಿ ಸಹಿಯಾದ ಹೊಸ ತೆರಿಗೆ ಕಾನೂನು ಇದಕ್ಕೆ ಇನ್ನೊಂದು ಲಾಭ ಸೇರಿಸಿದೆ. 2026ರಿಂದ, ಖರ್ಚಿನ ಪಟ್ಟಿ ಮಾಡದವರಿಗೂ ದೇಣಿಗೆಯ ಮೇಲೆ ವಿನಾಯಿತಿ ಇದೆ. ಒಂಟಿಯಾಗಿ ಸಲ್ಲಿಸಿದರೆ 1,000 ಡಾಲರ್‌ವರೆಗೆ, ದಂಪತಿಗೆ 2,000ವರೆಗೆ. ಆದರೆ ದೇಣಿಗೆ ನಗದು ರೂಪದಲ್ಲಿರಬೇಕು, ಕಾರು ಕೊಟ್ಟರೆ ಲೆಕ್ಕಕ್ಕಿಲ್ಲ. ಒಂದೇ ಕಾರು, ಒಂದೇ ಸಂಸ್ಥೆ, ಒಂದೇ ಸದ್ಬುದ್ಧಿ. ದಾರಿ ಬದಲಿಸಿದರೆ ಸಂಸ್ಥೆಗೆ ಎರಡು ಮೂರು ಪಟ್ಟು ಹಣ, ದಾನಿಗೂ ಒಂದಿಷ್ಟು ಉಳಿತಾಯ. ಕಾರು ದಾನಕ್ಕಿಂತ ಕಾರಿನ ದುಡ್ಡು ದಾನ ಮಾಡುವುದೇ ಮೇಲು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಹೊಗೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಸರ್ಕಾರ ಕೊಂಡ ಕಾರು ಮತ್ತೆ ರಸ್ತೆಗಿಳಿಯುವುದಿಲ್ಲ. ಪೆಟ್ರೋಲ್, ಆಯಿಲ್, ಕೂಲೆಂಟ್, ಎಸಿಯ ಅನಿಲ ಇಳಿಸಿ, ಬ್ಯಾಟರಿ ತೆಗೆದು, ಕೊನೆಗೆ ಹಿಚುಕಿ ಹಾಕುತ್ತಾರೆ. ಹರಾಜಿಗೆ ಹೋದ ಕಾರಿಗೆ ಆ ಖಾತರಿ ಇಲ್ಲ. ಕ್ಯಾಲಿಫೋರ್ನಿಯಾದ ಡೀಲರ್ ಕೊಂಡರೆ ಜನರಿಗೆ ಮಾರುವ ಮುನ್ನ ರಿಪೇರಿ ಮಾಡಿಸಿ ಸ್ಮಾಗ್ ಪಾಸು ಮಾಡಿಸಲೇಬೇಕು, ಅದು ಒಳ್ಳೆಯದೇ. ಆದರೆ ಪಕ್ಕದ ಅರಿಝೋನಾದಲ್ಲಿ ಹೊಗೆ ಪರೀಕ್ಷೆ ಇರುವುದು ಫೀನಿಕ್ಸ್ ಮತ್ತು ಟೂಸಾನ್ ಸುತ್ತಮುತ್ತ ಮಾತ್ರ. ಆ ರಾಜ್ಯದ ಉಳಿದ ಊರಿಗೆ ಹೋದ ಕಾರು ಅದೇ ಕೆಟ್ಟ ಕನ್ವರ್ಟರ್ ಹೊತ್ತುಕೊಂಡು ವರ್ಷಗಟ್ಟಲೆ ಓಡಬಹುದು. ಇನ್ನೂ ದೂರ ಹೋಗುವುದೂ ಉಂಟು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಹೊರತಂದ ವರದಿಯ ಪ್ರಕಾರ 2015ರಿಂದ 2018ರ ನಡುವೆ ಜಗತ್ತಿನಲ್ಲಿ 1.4 ಕೋಟಿ ಹಳೆಯ ಲಘು ವಾಹನಗಳು ರಫ್ತಾದವು. ಕಳಿಸಿದವರಲ್ಲಿ ಮುಂದಿದ್ದವರು ಯುರೋಪ್ ಒಕ್ಕೂಟ, ಜಪಾನ್, ಅಮೆರಿಕ. ಶೇಕಡ 80ರಷ್ಟು ಹೋದದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ, ಅತಿ ದೊಡ್ಡ ಪಾಲು ಆಫ್ರಿಕಕ್ಕೆ. ಹಡಗು ಹತ್ತುವ ಮೊದಲೇ ಕನ್ವರ್ಟರ್ ಕಿತ್ತುಕೊಂಡ ಕಾರುಗಳೂ ಅದರಲ್ಲಿದ್ದವು. ಅಮೂಲ್ಯ ಲೋಹ ಕಳಿಸಿದವರ ಬಳಿ, ಹೊಗೆ ಪಡೆದವರ ಬಳಿ.

ಭಾರತ ಇಂಥ ಹಳೆಯ ಕಾರುಗಳಿಗೆ ಬಾಗಿಲು ತೆರೆದಿಲ್ಲ, ಹಾಗಾಗಿ ಸ್ಯಾನ್ ಹೋಸೆಯಲ್ಲಿ ಫೇಲಾದ ಕಾರು ಶಿವಾಜಿನಗರದ ಗುಜರಿಗೆ ಬಂದು ಸೇರುವ ಭಯವಿಲ್ಲ. ನಮಗೂ ಇದಕ್ಕೂ ನಂಟಿರುವುದು ಆ ಕಾರುಗಳ ಒಡೆಯರ ಮೂಲಕ. ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಗಳಲ್ಲಿರುವ ಕನ್ನಡಿಗರಲ್ಲಿ ಬಹಳ ಮಂದಿ ಬಂದ ಹೊಸತರಲ್ಲಿ ಹಳೆಯ ಕಾರು ಕೊಂಡವರೇ. ಹೋಗುವ ಗೆಳೆಯನಿಂದ ಬರುವ ಗೆಳೆಯನಿಗೆ ಕೈಬದಲಾದ ಕ್ಯಾಮ್ರಿ, ಸಿವಿಕ್‌ಗಳಿಗೆ ಅಲ್ಲಿ ಲೆಕ್ಕವಿಲ್ಲ. ಕೆಲಸ ಹೋದರೆ ಎಚ್-1ಬಿ ವೀಸಾದವರಿಗೆ ಹೊಸ ಕೆಲಸ ಹುಡುಕಲೋ ಊರಿಗೆ ಹೊರಡಲೋ ಸಿಗುವುದು ಅರವತ್ತು ದಿನ. ಮನೆ ಖಾಲಿ ಮಾಡಬೇಕು, ಮಕ್ಕಳ ಶಾಲೆಯ ಪತ್ರ ತರಬೇಕು, ಸೋಫಾ ಮಾರಬೇಕು. ಅಂಥ ತರಾತುರಿಯಲ್ಲಿ ಸ್ಮಾಗ್ ಫೇಲಾದ ಕಾರಿಗೆ ಅರ್ಜಿ ಹಾಕಿ ಒಪ್ಪಿಗೆಗೆ ಕಾಯುವ ವ್ಯವಧಾನ ಯಾರಿಗಿರುತ್ತದೆ? ನಾಳೆಯೇ ಬಂದು ಪುಕ್ಕಟೆ ಎಳೆದೊಯ್ಯುತ್ತೇವೆ ಎನ್ನುವವರು ಆಗ ದೇವರಂತೆ ಕಾಣುತ್ತಾರೆ. ಅಂಥವರು ಕಾರು ದಾನ ಕೊಟ್ಟರೆ ತಪ್ಪೇನಿಲ್ಲ. ಊರಿಗೆ ಮರಳಿದ ಮೇಲೆ ಇಲ್ಲಿನ ಆದಾಯ ತೆರಿಗೆಯಲ್ಲಿ ಏನಾದರೂ ವಿನಾಯಿತಿ ಸಿಕ್ಕೀತೇ ಎಂದು ಕಾಯುವುದು ಮಾತ್ರ ವ್ಯರ್ಥ, ನಮ್ಮಲ್ಲಿ ವಸ್ತುರೂಪದ ದಾನಕ್ಕೆ ಆ ವಿನಾಯಿತಿ ಇಲ್ಲವೇ ಇಲ್ಲ.

ದಾವಣಗೆರೆಯಲ್ಲಿರುವ ತಾಯಿಗೆ ಮಗ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದರೆ ಆಕೆ ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ.

“ಅಲ್ಲಪ್ಪಾ, ದಾನ ಅಂದ್ಮೇಲೆ ಚೆನ್ನಾಗಿರೋದು ಕೊಡ್ಬೇಕಲ್ವಾ? ಕೆಟ್ಟು ಕೂತಿದ್ದನ್ನ ಯಾರಾದ್ರೂ ದಾನ ಮಾಡ್ತಾರೇನೋ?”

“ಇಲ್ಲಿ ಹಾಗೇ ಅಮ್ಮ. ತಗೊಳ್ಳೋರೇ ಕೇಳ್ತಾರೆ.”

“ಕೇಳ್ತಾರೆ ಅಂತ ಕೊಡೋದಾ!”

ಕಠೋಪನಿಷತ್ತಿನ ನಚಿಕೇತನದೂ ಇದೇ ತಕರಾರು. ತಂದೆ ಯಜ್ಞ ಮಾಡಿ, ಹಾಲು ಬತ್ತಿದ ಮುದಿ ಹಸುಗಳನ್ನು ದಕ್ಷಿಣೆಯಾಗಿ ಕೊಡುವುದನ್ನು ಕಂಡು ಹುಡುಗನಿಗೆ ತಳಮಳವಾಯಿತು. ಕಾರಿನ ವಿಷಯದಲ್ಲಿ ಒಂದು ವ್ಯತ್ಯಾಸವಿದೆ ಅಂದುಕೊಳ್ಳೋಣ, ಈ ಮುದಿ ಹಸುವಿನ ಹೊಟ್ಟೆಯಲ್ಲಿ ಪ್ಲಾಟಿನಂ ಇದೆ. ಪಡೆಯುವವರಿಗೆ ಬೇಕಿರುವುದು ಹಾಲಲ್ಲ, ಅದು.

ಕಾರನ್ನು ಕಾರಾಗಿಯೇ ದಾನ ಮಾಡಿದರೆ ಅರ್ಥವಿರುವ ಕಡೆಗಳೂ ಇವೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಬಸ್ಸಿಲ್ಲ, ಕಾರಿಲ್ಲದಿದ್ದರೆ ಕೆಲಸಕ್ಕೆ ಹೋಗಲಾಗದು. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 1996ರಲ್ಲಿ ಶುರುವಾದ ಗುಡ್ ನ್ಯೂಸ್ ಗ್ಯಾರೇಜ್, ದಾನವಾಗಿ ಬಂದ ಕಾರುಗಳನ್ನು ರಿಪೇರಿ ಮಾಡಿ ಬಡ ಕುಟುಂಬಗಳಿಗೆ ಕೊಡುತ್ತದೆ. ಮೇರಿಲ್ಯಾಂಡಿನ ವೆಹಿಕಲ್ಸ್ ಫಾರ್ ಚೇಂಜ್ ಇದರ ಜೊತೆಗೆ ಜೈಲಿನಿಂದ ಬಿಡುಗಡೆಯಾದವರಿಗೆ ಮೆಕ್ಯಾನಿಕ್ ಕೆಲಸ ಕಲಿಸುತ್ತದೆ. ಕೆಟ್ಟ ಕನ್ವರ್ಟರೇ ಅಲ್ಲಿ ಪಾಠ. ಹೀಗೆ ಬಡವರ ಕೈಗೆ ತೀರ ಅಗ್ಗವಾಗಿಯೋ ಪುಕ್ಕಟೆಯಾಗಿಯೋ ಹೋಗುವ ಕಾರಿಗೆ ಹರಾಜಿನ ಬೆಲೆಯ ಮಿತಿ ಅನ್ವಯಿಸುವುದಿಲ್ಲ, ಮಾರುಕಟ್ಟೆ ಬೆಲೆಯನ್ನೇ ವಿನಾಯಿತಿಯಾಗಿ ಕೇಳಬಹುದು. ಕಾನೂನು ಮಾಡಿದವರಿಗೂ ಈ ವ್ಯತ್ಯಾಸ ಗೊತ್ತಿದೆ ಅಂತಾಯಿತು. ಎಂಜಿನ್ನೇ ಚಾಲೂ ಆಗದ ಕಾರು ಸರ್ಕಾರದ ಯೋಜನೆಗೆ ನಡೆಯದ್ದರಿಂದ ಅದಕ್ಕೂ ದಾನವೇ ಸಲೀಸು.

ದಾನವೇ ಎಂದು ಗಟ್ಟಿಮಾಡಿಕೊಂಡವರು ಸಂಸ್ಥೆಯ ಹೆಸರನ್ನು ತೆರಿಗೆ ಇಲಾಖೆ ಐಆರ್‌ಎಸ್‌ನ ಪಟ್ಟಿಯಲ್ಲಿ ನೋಡಬೇಕು. ಹರಾಜಿನ ದುಡ್ಡಿನಲ್ಲಿ ನಿಮಗೆಷ್ಟು ಸೇರುತ್ತದೆ ಎಂದು ನೇರವಾಗಿ ಕೇಳಬೇಕು, ಹೇಳಲು ತಡವರಿಸಿದರೆ ಅದೇ ಉತ್ತರ. ಹೆಸರು, ಹಾಡು ನಂಬಿ ಕೂರಬಾರದು. ಮಕ್ಕಳ ಹೆಸರಿನಲ್ಲಿ ಕಾರು ಕೇಳುವ ಕಾರ್ಸ್ ಫಾರ್ ಕಿಡ್ಸ್, ತನ್ನ ಧಾರ್ಮಿಕ ನಂಟನ್ನು ಜಾಹೀರಾತಿನಲ್ಲಿ ಸ್ಪಷ್ಟವಾಗಿ ಹೇಳಲಿಲ್ಲವೆಂದು ಪೆನ್ಸಿಲ್ವೇನಿಯ ಮತ್ತು ಆರೆಗಾನ್ ರಾಜ್ಯಗಳು ಆಕ್ಷೇಪಿಸಿ 2009ರಲ್ಲಿ ಆ ಸಂಸ್ಥೆ ದುಡ್ಡು ಕಟ್ಟಿ ರಾಜಿಯಾಗಬೇಕಾಯಿತು. ಮಿನೆಸೋಟದಲ್ಲಿ ಸಂಗ್ರಹವಾದ ಹಣದಲ್ಲಿ ಆ ರಾಜ್ಯದ ಮಕ್ಕಳಿಗೆ ಸೇರಿದ್ದು ಶೇಕಡ 1ಕ್ಕಿಂತ ಕಡಿಮೆ ಎಂದು ಅಲ್ಲಿನ ಅಟಾರ್ನಿ ಜನರಲ್ 2017ರಲ್ಲಿ ವರದಿ ಕೊಟ್ಟರು.

ಟ್ರಕ್ಕಿನವನು ಬಂದಾಗ ‘ಪಿಂಕ್ ಸ್ಲಿಪ್’ ಕೈಗಿಡುವುದು ವಾಡಿಕೆ, ಮಾಲೀಕತ್ವದ ಪತ್ರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಇದೇ ಹೆಸರು, ಬಣ್ಣ ಬದಲಾಗಿ ದಶಕಗಳೇ ಕಳೆದಿದ್ದರೂ. ಸಹಿ ಹಾಕಿ ಕೊಟ್ಟರೆ ಮುಗಿಯಿತು ಎಂದುಕೊಳ್ಳುವುದೇ ಹೆಚ್ಚು. ಮುಗಿದಿರುವುದಿಲ್ಲ. ಅಲ್ಲಿ ಸಾಮಾನ್ಯ ನಂಬರ್ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ. ಕಾರು ಕೈಬಿಟ್ಟ ಐದು ದಿನದೊಳಗೆ ‘ನನ್ನ ಹೊಣೆ ತೀರಿತು’ ಎಂಬ ನಮೂನೆಯನ್ನು ಡಿಎಂವಿಗೆ ಸಲ್ಲಿಸಬೇಕು, ಆನ್‌ಲೈನಿನಲ್ಲಿ ಹತ್ತು ನಿಮಿಷದ ಕೆಲಸ. ಟ್ರಕ್ಕಿನವನ ಹೆಸರು, ತಾರೀಕು, ಓಡೋಮೀಟರಿನ ಅಂಕಿ ಬರೆದಿಟ್ಟುಕೊಂಡಿದ್ದರೆ ಇನ್ನೂ ಬೇಗ. ಕಿಟಕಿಗೆ ಅಂಟಿಸಿದ ಫಾಸ್ಟ್ರ್ಯಾಕ್ ಟೋಲ್ ಬಿಲ್ಲೆಯನ್ನೂ ಕಿತ್ತುಕೊಳ್ಳಬೇಕು. ಇಲ್ಲದಿದ್ದರೆ ಹರಾಜಿನಲ್ಲಿ ಕೊಂಡವನು ಬೇ ಬ್ರಿಜ್ ದಾಟಿದ ಟೋಲು, ಓಕ್ಲೆಂಡಿನಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಿದ ದಂಡ, ಎಲ್ಲವೂ ದಾನಿಯ ಹೆಸರಿಗೇ ಬರುತ್ತವೆ, ಅಷ್ಟರಲ್ಲಿ ದಾನಿ ಬೆಂಗಳೂರಿನ ವಿಮಾನ ಹತ್ತಿಯಾಗಿರುತ್ತದೆ.